ಗುಂಡಿ ಒತ್ತಿದರೆ ಏರುವ ಗಾಜು

ಮನೆಯಲ್ಲಿ ಏನಾದರೂ ಕೆಟ್ಟರೆ ಮೊದಲು ನಾನೇ ಬಿಚ್ಚಿ, ಇನ್ನಷ್ಟು ಕೆಡಿಸಿ, ಆಮೇಲೆ ಮೆಕ್ಯಾನಿಕ್ಕಿಗೆ ಒಪ್ಪಿಸುವುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಮಿಕ್ಸಿ, ಫ್ಯಾನು, ಗೋಡೆ ಗಡಿಯಾರ ಎಲ್ಲವೂ ಈ ದಾರಿಯಲ್ಲೇ ಹೋಗಿವೆ. ಕಾರಿನದನ್ನು ನೆನೆದರೆ ಮಾತ್ರ ಇವತ್ತಿಗೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಕೆಂಪು ಪೌಡರ್

ಕೊಟ್ಟೂರಿನ ಹೈಸ್ಕೂಲಿನಲ್ಲಿ ನಾನು ಮೇಷ್ಟ್ರು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಒಂದು ಹಳೇ ಕಾರು ಕೊಂಡೆ. ಗುಂಡಿ ಒತ್ತಿದರೆ ಅದರ ಕಿಟಕಿ ಗಾಜು ತಾನೇ ಏರುತ್ತಿತ್ತು, ಇಳಿಯುತ್ತಿತ್ತು. ನಮ್ಮ ಓಣಿಗೆ ಅದೊಂದು ಅಚ್ಚರಿ. ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲು ಅದನ್ನೇ ತೋರಿಸುತ್ತಿದ್ದೆ. ತೋರಿಸಿ ತೋರಿಸಿ, ಒಂದು ದಿನ ಮುಂಬದಿಯ ಎಡಗಡೆ ಗಾಜು ಇಳಿದದ್ದು ಮೇಲೆ ಬರಲೇ ಇಲ್ಲ.

ಹಾಗೆಯೇ ಹಗರಿಬೊಮ್ಮನಹಳ್ಳಿಗೆ ತೊಟ್ಟಿಲ ಕಾರ್ಯಕ್ಕೆ ಹೋದೆವು. ರೇಷ್ಮೆ ಸೀರೆ ಉಟ್ಟು ಆ ಕಿಟಕಿಯ ಪಕ್ಕ ಕೂತ ನನ್ನ ಹೆಂಡತಿ ಇಳಿಯುವಾಗ ತಲೆಯಿಂದ ಸೆರಗಿನವರೆಗೆ ಕೆಂಪು ಧೂಳಾಗಿದ್ದಳು. ಬಾಗಿಲಲ್ಲಿ ನಿಂತಿದ್ದ ಅವಳ ಅತ್ತಿಗೆ ಗಾಬರಿಯಾಗಿ ಕೇಳಿದಳು: "ಯವ್ವಾ, ಕಾರು ತಗೊಂಡೀವಿ ಅಂದಿದ್ರಿ. ಟ್ರ್ಯಾಕ್ಟರ್‌ನಾಗ ಬಂದ್ರೇನು?"

ಭಾನುವಾರದ ರಿಪೇರಿ

ಮುಂದಿನ ಭಾನುವಾರ ಮನೆ ಮುಂದೆಯೇ ಬಾಗಿಲಿನ ಒಳಹಲಗೆ ಕಿತ್ತೆ. ಗಾಜನ್ನು ಎಳೆಯುವ ತಂತಿ ಒಳಗಿನ ಪುಟ್ಟ ಗಾಲಿಯಿಂದ ಜಾರಿತ್ತು. ಗಾಜು ಎತ್ತಿ ಹಿಡಿದರೆ ತಂತಿ ಕೂಡಿಸಲು ಕೈ ಇಲ್ಲ, ತಂತಿಗೆ ಕೈ ಹಾಕಿದರೆ ಗಾಜು ಕೆಳಗೆ. ಅಡುಗೆಮನೆಗೆ ಓಡಿ, ಕೈಗೆ ಸಿಕ್ಕ ಕಟ್ಟಿಗೆಯೊಂದನ್ನು ತಂದು ಗಾಜಿನಡಿ ಆನಿಸಿದೆ. ತಂತಿ ಕೂತಿತು. ಬಾಜೂ ಮನೆಯ ಯಜಮಾನರು ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಅವರೆದುರು ಗತ್ತು ಬಿಡಬಾರದೆಂದು ಗಡಿಬಿಡಿಯಲ್ಲಿ ಹಲಗೆ ಬಡಿದು ಮುಚ್ಚಿದೆ.

ಗಾಜು ಮೇಲೆ ನಿಂತಿತ್ತು. ಇಳಿಸುವ ಗುಂಡಿ ಒತ್ತಿದೆ. ಒಳಗೆ ಗುರ್ ಅಂದಿತು, ಗಾಜು ಕದಲಲಿಲ್ಲ.

"ಇಳಿಯವಲ್ದಲ್ರೀ ಮೇಷ್ಟ್ರೇ," ಅಂದರು ಅವರು.

"ಬೇಕಂತನ ಹಂಗ ಮಾಡೀನ್ರಿ. ಧೂಳಿನ ಊರಾಗ ಇಳಿಸಿ ಏನು ಮಾಡೋದೈತಿ?"

"ಹಂಗಾರ ಒಂದು ಮೊಳಿ ಹೊಡದಿದ್ರ ಆಗ್ತಿತ್ತಲ್ರೀ. ಇಡೀ ಭಾನುವಾರ ಯಾಕ ಹಾಳು ಮಾಡ್ಕೊಂಡ್ರಿ?"

ಲಟ್ಟಣಿಗೆ

ಅದೇ ವಾರ ಹೆಂಡತಿಯ ಲಟ್ಟಣಿಗೆ ಕಾಣೆಯಾಯಿತು. ತವರಿನಿಂದ ತಂದದ್ದು. ಹೋಳಿಗೆ ಮಾಡುವಾಗಲೆಲ್ಲ ಅದನ್ನು ಕಡ ಒಯ್ಯುತ್ತಿದ್ದವರು ಬಾಜೂ ಮನೆಯ ಅಕ್ಕ, ಆ ಯಜಮಾನರ ಹೆಂಡತಿ.

"ನೀವೇನಾರ ಒಯ್ದೀರೇನು ಯಕ್ಕಾ?" ಎಂದು ಇವಳು ಕೇಳಿದಳು.

"ಒಯ್ದಿದ್ರ ಕೊಡ್ತಿದ್ದಿಲ್ಲೇನು?" ಎಂದು ಅವರು ಸಿಟ್ಟಾದರು.

ಅಲ್ಲಿಗೆ ಮಾತು ನಿಂತಿತು. ಗೋಡೆ ಮೇಲಿಂದ ದಾಟಿ ಬರುತ್ತಿದ್ದ ಹೋಳಿಗೆ ಸಾರೂ ನಿಂತಿತು. ಸ್ಟೀಲ್ ಲೋಟದಿಂದ ಚಪಾತಿ ಲಟ್ಟಿಸುತ್ತ ಹೆಂಡತಿ ಕಣ್ಣೊರೆಸಿಕೊಂಡಳು. ಅಕ್ಕ ಅಂದರೆ ಅವಳಿಗೆ ಒಡಹುಟ್ಟಿದವರಿಗಿಂತ ಹೆಚ್ಚು. ಸಮಾಧಾನ ಮಾಡಬೇಕಾದ ನಾನು, ಗೋಡೆಯಾಚೆಗೂ ಕೇಳಿಸುವ ಹಾಗೆ ಅಂದೆ: "ಹೋಗ್ಲಿ ಬಿಡು. ಒಯ್ದದ್ದನ್ನ ವಾಪಸ್ ಕೊಡೂ ಬುದ್ಧಿ ಎಲ್ಲಾರಿಗೂ ಇರಾಂಗಿಲ್ಲ."

ಹರಪನಹಳ್ಳಿ ದಾರಿ

ಬೇಸಿಗೆಯಲ್ಲಿ ಆ ಅಕ್ಕನ ಮಗಳು ಹರಪನಹಳ್ಳಿಯಲ್ಲಿ ಹೆತ್ತಳು. ಬಸ್ಸು ತಪ್ಪಿಸಿಕೊಂಡು ಅಕ್ಕ ಚೀಲ ಹಿಡಿದು ರಸ್ತೆಯಲ್ಲಿ ನಿಂತದ್ದನ್ನು ಕಂಡು ಹೆಂಡತಿಗೆ ತಡೆಯಲಾಗಲಿಲ್ಲ. "ಯಕ್ಕಾ, ಕಾರು ಹತ್ತ್ರಿ. ಮೊಮ್ಮಗನ್ನ ನೋಡೂ ಹೊತ್ತಿನಾಗ ಸಿಟ್ಟು ಬ್ಯಾಡ," ಎಂದು ಅವರನ್ನು ಮುಂದೆ ಕೂರಿಸಿ ತಾನು ಹಿಂದೆ ಕೂತಳು.

ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ವಿಪರೀತ ಝಳ. ಕಾರಿನ ಎ.ಸಿ.ಯನ್ನು ನಾನು ಅದಕ್ಕೂ ಮೊದಲೇ ರಿಪೇರಿ ಮಾಡಿದ್ದೆ. ಬೆವರು ತಡೆಯಲಾರದೆ ಅವರು ಕಿಟಕಿಯ ಗುಂಡಿ ಒತ್ತಿದರು. ಗುರ್ ಅಂದಿತು, ಅಷ್ಟೆ.

"ಗಟ್ಟಿ ಒತ್ತಬೇಕ್ರಿ," ಎಂದು ನಾನೇ ಕೈ ಚಾಚಿ ಒತ್ತಿದೆ. ಅದೇ ಹೊತ್ತಿಗೆ ಚಕ್ರ ತಗ್ಗಿಗೆ ಇಳಿಯಿತು. ಬಾಗಿಲೊಳಗೆ ಧಡ್ ಎಂದು ಸದ್ದಾಗಿ ಗಾಜು ಸರ್ರನೆ ಇಳಿಯಿತು. ಹಲಗೆಯ ಕೆಳಗಿನ ಅಂಚು ಬಾಯಿಬಿಟ್ಟು, ಏನೋ ಉರುಳಿ ಅಕ್ಕನ ಪಾದದ ಮೇಲೆ ಬಿತ್ತು.

ಅವರು ಬಗ್ಗಿ ಎತ್ತಿಕೊಂಡರು. ಗ್ರೀಸ್ ಮೆತ್ತಿದ ಲಟ್ಟಣಿಗೆ.

ಭೂಮಿ ಬಾಯಿಬಿಟ್ಟಿದ್ದರೆ ಕಾರು ಸಮೇತ ಒಳಗೆ ಹೋಗುತ್ತಿದ್ದೆ. ಗಾಳಿ ಧಾರಾಳವಾಗಿ ಬರುತ್ತಿತ್ತು, ಆದರೂ ಬೆವರುತ್ತಿದ್ದವನು ಈಗ ನಾನು. ಅಕ್ಕ ಚೀಲದಿಂದ ಪೇಪರ್ ತೆಗೆದು ಲಟ್ಟಣಿಗೆಯನ್ನು ನಿಧಾನವಾಗಿ ಒರೆಸಿದರು. ಹಿಂದಕ್ಕೆ ತಿರುಗಿ ನನ್ನ ಹೆಂಡತಿಯ ಕೈಯಲ್ಲಿಟ್ಟು, ನನಗೂ ಕೇಳಿಸುವ ಹಾಗೆ ಅಂದರು:

"ತಗೋ ತಂಗಿ. ಇವತ್ತ ಬುದ್ಧಿ ಬಂತು ನೋಡು, ವಾಪಸ್ ಕೊಟ್ಟೀನಿ."