ದಿನಕ್ಕೊಂದೇ ಕಾಫಿ

ಕಾಫಿಗೆ ಹೆಸರಾದ ಜಿಮ್ಮಾ ಊರಿನ ದರ್ಜಿ ಮೆಕುರಿಯಾನಿಗೆ ಡಾಕ್ಟರು ಹೇಳಿದ್ದು ಇಷ್ಟೇ: "ದಿನಕ್ಕೆ ಒಂದು ಕಾಫಿ. ಮಗಳ ಮದುವೇಲಿ ಕುಣೀಬೇಕು ಅಂದ್ರೆ ಅದನ್ನ ಮೀರಬೇಡಿ."

ಅವನಿಗೆ ಕುಣಿಯಲೇಬೇಕಿತ್ತು. ಇರುವವಳು ಒಬ್ಬಳೇ ಮಗಳು, ಈಸ್ಟರ್ ಕಳೆದರೆ ಮದುವೆ. ಆದರೆ ಜಿಮ್ಮಾದಲ್ಲಿ ಒಂದು ಬಟ್ಟಲು ಕುಡಿದು ಏಳುವುದುಂಟೇ? ಕೆಂಡದ ಮೇಲಿನ ಮಣ್ಣಿನ ಹೂಜಿಯಿಂದ ಮೂರು ಸುತ್ತು ಬಗ್ಗಿಸುತ್ತಾರೆ: ಅಬೋಲ್, ತೋನಾ, ಬರಕಾ. ಬರಕಾ ಎಂದರೆ ಆಶೀರ್ವಾದ. ಅದಕ್ಕೆ ಮೊದಲೇ ಎದ್ದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ.

ಕುಡಿಯುವುದು ಒಂದೇ ಬಟ್ಟಲಾದರೆ ಆಶೀರ್ವಾದದ್ದನ್ನೇ ಕುಡಿಯೋಣ ಎಂದುಕೊಂಡ ಮೆಕುರಿಯಾ. ಹೆಂಡತಿ ಅಸ್ಕಾಲೆ ಬೀಜ ಹುರಿಯಲು ಕೂರುವ ಮೊದಲೇ ಮನೆಯಿಂದ ಜಾರಿಕೊಂಡು, ಪಕ್ಕದ ಮನೆಯ ಝೆರ್ಫೆ ಅಜ್ಜಿಯ ಬಾಗಿಲಲ್ಲಿ ಬರಕಾದ ಹೊತ್ತಿಗೆ ಸರಿಯಾಗಿ ನಿಂತ.

"ಅಯ್ಯೋ, ಅಬೋಲ್ ತಪ್ಪಿಹೋಯ್ತಲ್ಲೋ ಮಗಾ! ಬರೀ ಕೊನೇ ಸುತ್ತು ಕೊಟ್ಟು ಕಳ್ಸಿದ್ರೆ ಊರು ಏನಂದೀತು?"

ಅಜ್ಜಿ ಹಳೆಯ ಚರಟ ಚೆಲ್ಲಿ ಹೊಸ ಬೀಜ ಹುರಿದಳು. ಆ ಘಮಕ್ಕೆ ಸತ್ತವನೂ ಎದ್ದು ಕೂರಬೇಕು. ಮೆಕುರಿಯಾ ಮೂರನ್ನೂ ಕುಡಿದ. ಸುಳ್ಳೇಕೆ, ಸ್ವರ್ಗವೇ ಕಂಡಿತು.

ಹೊರಗೆ ಎದುರುಮನೆಯ ಫೆಲೆಕೆಚ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅಜ್ಜಿ ಮನೇದು ಕಾಫಿ, ನಮ್ಮನೇದೇನು ಕಲಗಚ್ಚಾ?"

"ಹಾಗಲ್ಲಮ್ಮಾ, ಮೈ ಹುಷಾರಿಲ್ಲ. ಡಾಕ್ಟ್ರು..."

"ಹುಷಾರಿಲ್ವಾ? ಹಾಗಿದ್ರೆ ಆಶೀರ್ವಾದ ಇನ್ನೂ ಜಾಸ್ತಿ ಬೇಕಲ್ಲಣ್ಣಾ!"

ಅಲ್ಲೂ ಮೂರು. ಅಷ್ಟರಲ್ಲಿ ಮೆಕುರಿಯಾನ ಕಾಯಿಲೆಯ ಸುದ್ದಿ ಕೇರಿಯೆಲ್ಲ ಹರಡಿತ್ತು. ಕೊನೆಮನೆಯ ಬಡಗಿಯ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಅವನನ್ನು ಒಳಗೆಳೆದು, ಮತ್ತೆ ಮೂರು ಕುಡಿಸಿದಳು.

ಅವನೆದೆ ಅವನದೇ ಹೊಲಿಗೆ ಯಂತ್ರದಂತೆ ಓಡತೊಡಗಿತು. ಇನ್ನು ಮದುವೆಯಲ್ಲಿ ಕುಣಿದ ಹಾಗೇ ಎಂದು ಹೆದರಿ ಡಾಕ್ಟರ ಬಳಿಗೆ ಧಾವಿಸಿದ. ಡಾಕ್ಟರು ಆರಾಮವಾಗಿ ಎರಡನೇ ಸುತ್ತಿನ ತೋನಾ ಹೀರುತ್ತಿದ್ದರು.

"ಒಂದೇ ಅಂದ್ರಲ್ಲ ಸ್ವಾಮೀ!"

"ಹೌದ್ರೀ, ಮೂರು ಸುತ್ತು ಸೇರಿದ್ರೇ ಅಲ್ವಾ ಒಂದು ಕಾಫಿ? ನಾನೂ ಈ ಊರಿನವನೇ. ಹದವಾಗಿ ಕುಡಿದ್ರೆ ಹೃದಯಕ್ಕೂ ಒಳ್ಳೇದೇ. ಮನೆಮನೇಲೂ ಕುಡೀಬೇಡಿ ಅಂದೆ, ಅಷ್ಟೇ." ನಾಡಿ ಹಿಡಿದವರು ಹುಬ್ಬೇರಿಸಿದರು. "ಪ್ರಾಣಕ್ಕೇನೂ ಇಲ್ಲ. ಆದ್ರೆ ಇವತ್ತು ಇನ್ನೊಂದು ತೊಟ್ಟೂ ಮುಟ್ಟಬೇಡಿ."

ನಾಳೆಯಿಂದ ಮನೆಯಲ್ಲೇ ನೆಮ್ಮದಿಯಾಗಿ ಮೂರು ಸುತ್ತು! ಮೆಕುರಿಯಾ ಹಿಗ್ಗಿಕೊಂಡು ಮನೆಗೆ ಬಂದ. ಒಳಗೆ ನೆಲಕ್ಕೆ ಹಸಿ ಹುಲ್ಲು ಹಾಸಿತ್ತು, ಧೂಪದ ಹೊಗೆಯಾಡುತ್ತಿತ್ತು. ಮದುವೆ ಗಂಡಿನ ಕಡೆಯ ಬೀಗರು ಸಾಲಾಗಿ ಕೂತಿದ್ದರು.

ಹುಡುಗನ ತಂದೆ ಎದ್ದು ಬಂದು ತಬ್ಬಿಕೊಂಡರು. "ಬೀಗರೇ, ನಿಮಗೆ ದಿನಕ್ಕೆ ಒಂದೇ ಕಾಫಿಯಂತೆ. ಬೆಳಿಗ್ಗೆ ಮನೇಲಿ ಒಂದು ತೊಟ್ಟೂ ಮುಟ್ಟದೆ ಹೊರಟ್ರಂತೆ. ಆ ಒಂದನ್ನ ನಮಗೋಸ್ಕರ ಉಳಿಸ್ಕೊಂಡ್ರಲ್ಲ! ಇಂಥ ಸಂಬಂಧ ಇನ್ಯಾರಿಗೆ ಸಿಕ್ಕೀತು?"

ಅಸ್ಕಾಲೆ ಹೆಮ್ಮೆಯಿಂದ ಗಂಡನ ಕೈಗೆ ಅಬೋಲ್ ಇಟ್ಟಳು. ಬಟ್ಟಲು ಗಡಗಡ ಅಲುಗಿತು.

"ನೋಡ್ರೋ," ಎಂದರು ಬೀಗರು ಕಣ್ತುಂಬಿಕೊಂಡು, "ಪಾಪ, ಕಾಫಿ ಕಂಡ ಸಂತೋಷಕ್ಕೆ ಕೈ ಹೇಗೆ ನಡುಗ್ತಿದೆ! ಬೀಗಿತ್ತಿಯವರೇ, ಇನ್ನೊಂದು ಹೂಜಿ ಇಡಿ."