ಎರಡು ಗಾಲಿ: ಒಂದು ಮುಂದ, ಒಂದು ಹಿಂದ

ಈ ಚಳಿಗಾಲದಲ್ಲಿ ಸೇಡಮ್ಮಿನಿಂದ ಕುರಕುಂಟಾದವರೆಗೆ ಜಲ್ಲಿ ಹಾಸಿದ ಖಡಿ ರಸ್ತೆಯ ಮೇಲೆ ಸೈಕಲ್ ಹೊಡೆದೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ವಯಸ್ಸು ಅರವತ್ತಾರು, ಸೈಕಲ್ಲಿನ ವಯಸ್ಸು ಮೂವತ್ತೊಂದು. ಇಬ್ಬರ ಕೀಲುಗಳೂ ಒಂದೇ ರಾಗದಲ್ಲಿ ಕಿರುಗುಟ್ಟುತ್ತಿದ್ದವು!

"ಬಸ್ ಅದ, ಆಟೋ ಅದ. ಸೈಕಲ್ ಯಾಕ್ರಿ?" ಎಂದಳು ನನ್ನ ಹೆಂಡತಿ ಅನಸುಬಾಯಿ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

"ಆರೋಗ್ಯಕ್ಕ!"

"ಹೋದ ತಿಂಗಳ ಆರೋಗ್ಯಕ್ಕಂತ ಹೋಗಿ ಮೋರಿಯಾಗ ಕುಂತಿದ್ರಿ. ಆರು ಮಂದಿ ಕೂಡಿ ಎತ್ಯಾರ."

"ಅದು ಗಾಲಿ ತಪ್ಪು. ನನ್ನ ತಪ್ಪಲ್ಲ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಮ್ಮ ಮನೆಯಲ್ಲಿ ಅದು ನಿಂತರೆ ತೀರ್ಪು ಬರುತ್ತದೆ ಎಂದೇ ಅರ್ಥ.

"ಹಂಗಾದ್ರ ಕೇಳ್ರಿ. ಎಳ್ಳಮಾಸಿ ದಿನ ಕುರಕುಂಟಾಕ್ಕ ನಮ್ಮ ತಮ್ಮ ಜೈಭೀಮನ ಹೊಲಕ್ಕ ಊಟಕ್ಕ ಹೋಗೋದದ. ನೀವು ಸೈಕಲ್ ಮ್ಯಾಲೇ ಬರ್ರಿ. ಬೀಳಲಾರ್ದಂಗ ಬಂದ್ರ ಸೈಕಲ್ ನಿಮ್ದು. ಜಲ್ಮದಾಗ ನಾ ತುಟಿ ಪಿಟಕ್ ಅನ್ನಂಗಿಲ್ಲ. ಒಂದ್ ಸಲ ಬಿದ್ರೂ ಸೈಕಲ್ ಹಾಲಿನ ಭಾಗಣ್ಣಗ!"

ನಿವೃತ್ತಿಯಾದ ಮೇಲೆ ನನ್ನ ಅಪ್ಪಣೆಗೆ ತಿರುಗುವ ವಸ್ತು ಮನೆಯಲ್ಲಿ ಅದೊಂದೇ. ಅದರ ಎರಡೂ ಕಡೆ ಹಾಲಿನ ಕ್ಯಾನು ಜೋತಾಡುವುದೇ? ಸಾಧ್ಯವಿಲ್ಲ!

"ಒಪ್ಪಿದೆ! ಆದ್ರ ಹೊಸಾ ಗಾಲಿ ಹಾಕಿಸ್ತೀನಿ."

ಗಾಲಿಯ ವಿಷಯದಲ್ಲಿ ನನಗೆ ಉಪದೇಶ ಮಾಡುವ ಗಂಡಸು ಚಿತ್ತಾಪುರದಿಂದ ಚಿಂಚೋಳಿಯವರೆಗೆ ಹುಟ್ಟಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಸುತ್ತಿಗೆ ಹಿಡಿದು ರೈಲಿನ ಗಾಲಿ ಬಡಿದವನು ನಾನು. 'ಠಣ್' ಎಂದರೆ ಗಟ್ಟಿ, 'ಠಪ್' ಎಂದರೆ ಬಿರುಕು. ನನ್ನ ಕಿವಿಗೆ ಹೆದರಿ ಎಷ್ಟೋ ಗಾಲಿಗಳು ತಾವಾಗಿಯೇ ತಪ್ಪೊಪ್ಪಿಕೊಂಡಿವೆ!

ಅದೇ ಸುತ್ತಿಗೆ ಹಿಡಿದು ಫಕೀರಸಾಬನ ಸೈಕಲ್ ಶಾಪಿಗೆ ಹೋದೆ. ಮೊದಲ ಗಾಲಿಗೆ ಒಂದು ಪೆಟ್ಟು ಹಾಕಿದೆ. ಅದು ಠಣ್ ಎನ್ನಲಿಲ್ಲ, ಠಪ್ಪೂ ಎನ್ನಲಿಲ್ಲ. ಸುಮ್ಮನೆ ಚಕ್ಕುಲಿಯಾಯಿತು.

"ಅಂಬಾರಾಯ ಸಾಹೇಬ್ರ! ಅದು ಸೈಕಲ್ ಗಾಲಿರೀ, ಗೂಡ್ಸ್ ಗಾಡಿದಲ್ಲ!" ಎಂದು ಫಕೀರಸಾಬ ಸುತ್ತಿಗೆ ಕಸಿದುಕೊಂಡ. "ಖಡಿ ರಸ್ತಾಕ್ಕ ಅಗಲ ಟೈರಿನ ಗಾಲಿ ಬೇಕ್ರಿ. ತಾಂಡೂರಿನಾಗ ನಮ್ಮ ಅಳಿಯ ತಾಹಿರ್ ಮಾರ್ತಾನ. ನಾನೇ ಫೋನ್ ಮಾಡಿ ತರಿಸ್ತೀನಿ."

"ನೀ ಯಾಕ? ಗಾಲಿ ಮಾತು ಗಾಲಿ ಬಲ್ಲಂವನೇ ಆಡಬೇಕು. ನಂಬರ್ ಕೊಡು."

"ಅವಗ ಕನ್ನಡ ಬರಂಗಿಲ್ರಿ."

"ನನಗ ನಿಮ್ಮ ಭಾಷಾ ಬರತದಲ್ಲ!"

ಮನೆಗೆ ಬಂದು, ಅನಸುಬಾಯಿಯೂ ನನ್ನ ಪಾಂಡಿತ್ಯ ಕೇಳಲೆಂದು ಸ್ಪೀಕರ್ ಹಾಕಿ, ಫೋನು ಹಚ್ಚಿದೆ. ಮಾತೆಲ್ಲ ನಡೆದದ್ದು ನಮ್ಮ ಕಡೆಯ ಉರ್ದುವಿನಲ್ಲಿ. ನಿಮ್ಮ ಅನುಕೂಲಕ್ಕೆ ಕನ್ನಡ ಮಾಡಿ ಬರೆದಿದ್ದೇನೆ. ಒಂದು ಶಬ್ದ ಮಾತ್ರ ನಾನು ಆಡಿದ ಹಾಗೆಯೇ ಬಿಟ್ಟಿದ್ದೇನೆ.

"ತಾಹಿರ್ ಭಾಯಿ, ನನಗ ಎರಡು ಗಾಲಿ ಬೇಕು."

ತಾಂಡೂರು ತೆಲುಗಿನ ಊರು. ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ. "ಗಾಲಿ ಬೇಕಂದ್ರ ಸೈಕಲ್ ತಗೊಂಡು ಅಂಗಡಿಗಿ ಬರ್ರಿ ಚಾಚಾ. ಫೋನಿನಾಗ ಹೆಂಗ ತುಂಬಲಿ?"

"ತೆಲುಗು ಗಾಲಿ ಅಲ್ಲಪಾ! ನಿನ್ನ ಮನಿ ಭಾಷಾದಾಗೇ ಕೇಳಾಕತ್ತೀನಿ. ಗಾಲಿ! ಗಾಲಿ!"

ಆ ಕಡೆಯಿಂದ ಮೆತ್ತಗಿನ ದನಿ. "ಚಾಚಾ, ನೀವು ಹಿರ್ಯಾರು. ನಾ ಹೆಂಗ ಕೊಡಲ್ರಿ?"

"ಹಿರ್ಯಾರಿಗೇ ಗಟ್ಟಿ ಗಾಲಿ ಬೇಕು! ಒಂದು ಮುಂದಿಂದು, ಒಂದು ಹಿಂದಿಂದು. ಹಿಂದಿಂದು ಇನ್ನಾ ಜೋರ್ ಇರಲಿ. ನನ್ನ ಭಾರ ಎಲ್ಲಾ ಅದರ ಮ್ಯಾಲೇ ಬೀಳ್ತದ."

"ಮನ್ಯಾಗ ಎಲ್ಲಾ ಕ್ಷೇಮ ಅದ ಇಲ್ರೀ ಚಾಚಾ?"

"ನನ್ನ ಹೆಂಡತಿ ಇಲ್ಲೇ ಕುಂತಾಳ. ಆಕಿನೂ ಕೇಳಾಕತ್ಯಾಳ. ನಾಚಬ್ಯಾಡ, ಕೊಡು! ಮೂವತ್ನಾಕು ವರ್ಷ ನಾ ಕಿವಿಲೇ ಗಾಲಿ ಪರೀಕ್ಷಾ ಮಾಡೀನಿ. ಕೇಳಿದ ಕೂಡ್ಲೇ ಗಟ್ಟಿ ಅದನೋ ಟೊಳ್ಳು ಅದನೋ ಹೇಳ್ತೀನಿ!"

"ಅಲ್ಲಾ ಮಾಫ್ ಮಾಡಲಿ," ಎಂದು ನಿಟ್ಟುಸಿರು ಬಿಟ್ಟು ಆ ಸಂಭಾವಿತ ಮನುಷ್ಯ ಎರಡು ಕೊಟ್ಟ.

ಏನು ಕೊಟ್ಟನೆಂದು ಇಲ್ಲಿ ಬರೆದರೆ ಈ ಕಾಗದಕ್ಕೆ ಬೆಂಕಿ ಹತ್ತೀತು! ಮುಂದಿನದು ನನ್ನ ಮುಂದಿನ ಪೀಳಿಗೆಗೆ, ಹಿಂದಿನದು ನನ್ನ ಹಿಂದಿನ ಪೀಳಿಗೆಗೆ ತಗಲುವಂಥದ್ದು. ಎರಡೂ ಶುದ್ಧ 'ಠಣ್'!

ಅನಸುಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಹೇಳಿದಳು: "ಭಾರಿ ಗಟ್ಟಿ ಅದಾವ್ರಿ. ತಗೋರಿ, ನಾಕು ಚಳಿಗಾಲ ಬಾಳ್ತಾವ."

ಉರಿದುಕೊಂಡು ಶಾಪಿಗೆ ಓಡಿದರೆ ಫಕೀರಸಾಬ ನಕ್ಕೂ ನಕ್ಕೂ ಪಂಚರ್ ತೊಟ್ಟಿಯ ನೀರಿಗೇ ಮುಖ ತೊಳೆದುಕೊಂಡ. "ಪಹಿಯಾ ಅನಬೇಕಾಗಿತ್ರಿ ಸಾಹೇಬ್ರ! ನಮ್ಮ ಮಾತಿನಾಗ ಗಾಲಿ ಅಂದ್ರ ಬೈಗುಳ! ಕೇಳಿ ಕೇಳಿ ಬೈಸ್ಕೊಂಡೋರು ನೀವೊಬ್ಬರೇ!"

ಫಕೀರಸಾಬ ಫೋನಿನಲ್ಲಿ ಬಿಡಿಸಿ ಹೇಳಿದ ಮೇಲೆ ತಾಹಿರ್ ನಾಚಿ ನೀರಾಗಿ, ಮರುದಿನದ ಬಸ್ಸಿಗೇ ಅಗಲ ಟೈರಿನ ಎರಡು ಗಾಲಿ ಕಳಿಸಿದ. ಉತ್ತಮ ಗಾಲಿಗಳು. ಆದರೆ ಫಕೀರಸಾಬ ಅವಕ್ಕೆ ಹವಾ ಹೊಡೆಯುವಾಗ ಅರ್ಧಕ್ಕೇ ನಿಲ್ಲಿಸಿದ.

"ಖಡಿ ಮ್ಯಾಲ ಟೈರು ತುಸು ಮೆತ್ತಗ ಇರಬೇಕ್ರಿ. ಅಂದ್ರ ಕಲ್ಲು ಹಿಡಕೊಂಡು ನಡೀತದ. ಇಬ್ಬನಿ ಬಿದ್ದ ಕಲ್ಲಿನ ಮ್ಯಾಲ ಬಿರುಸು ಟೈರು ಜಾರ್ತದ."

"ರೈಲಿನ ಗಾಲಿ ಮೆತ್ತಗ ಇರ್ತದೇನು?"

"ರೈಲಿಗಿ ಹಳಿ ಇರ್ತಾವ್ರಿ. ಖಡಿಗಿ ಎಲ್ಲವ?"

ನಾನು ಜಗ್ಗಲಿಲ್ಲ. ಪಂಪು ಕಸಿದುಕೊಂಡು, ಬೆರಳಿನಿಂದ ಬಡಿದರೆ 'ಠಣ್' ಎನ್ನುವವರೆಗೆ ಹೊಡೆದೆ. ಛಲವೆಂದರೆ ಛಲ!

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಬೆಳಗು. ನಲವತ್ತೈದು ಡಿಗ್ರಿಯಲ್ಲಿ ಹಪ್ಪಳದಂತೆ ಒಣಗಿದ ಸೇಡಂ ಮಂದಿಗೆ ಹತ್ತು ಡಿಗ್ರಿ ಎಂದರೆ ಹಿಮಾಲಯವೇ ಇಳಿದು ಬಂದ ಹಾಗೆ! ಬೆಂಕಿ ಕಾಯಿಸುತ್ತಾ ಕುಳಿತವರಿಗಿಂತ ಬೆಂಕಿಯೇ ಹೆಚ್ಚು ನಡುಗುತ್ತಿತ್ತು. ಮಂಜು ಎಷ್ಟಿತ್ತೆಂದರೆ ನನ್ನ ಸೈಕಲ್ಲಿನ ಗಂಟೆ ಎಲ್ಲಿದೆ ಎಂದು ಕೈಯಿಂದ ತಡಕಬೇಕಾಯಿತು. ಕಿವಿಗೆ ಮಫ್ಲರ್ ಬಿಗಿದು, ದಂಡಯಾತ್ರೆಗೆ ಹೊರಟ ದೊರೆಯಂತೆ ಪೆಡಲ್ ತುಳಿದೆ. ಅನಸುಬಾಯಿ ಕಾಳು, ಸೊಪ್ಪು ಬೇಯಿಸಿದ ಹಬ್ಬದ ಭಜ್ಜಿಯ ಬೋಗುಣಿ ಇಟ್ಟುಕೊಂಡು ಆಟೋದಲ್ಲಿ ಬರುವುದೆಂದು ಮಾತಾಗಿತ್ತು.

ಡಾಂಬರು ಮುಗಿದು ಖಡಿ ಶುರುವಾಯಿತು. ಕಲ್ಲಿನಂಥ ಟೈರು, ಕಲ್ಲಿನ ಮೇಲೆ. ಸೈಕಲ್ ಓಡಲಿಲ್ಲ, ಪುಟಿಯಿತು! ಮೊದಲ ಸಲ ನಾನು ಬಿದ್ದೆ ಎನ್ನಲಾರೆ. ರಸ್ತೆಯೇ ಎದ್ದು ಬಂದು ನನ್ನನ್ನು ಅಪ್ಪಿಕೊಂಡಿತು. ಎರಡನೆಯ ಸಲ ಸೈಕಲ್ ರಸ್ತೆಯಲ್ಲೇ ಉಳಿಯಿತು, ನಾನೊಬ್ಬನೇ ತೊಗರಿ ಹೊಲಕ್ಕೆ ಹೋದೆ. ಮೂರನೆಯ ಸಲ ಮಂಜಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಅದು ಸರಿಯಲಿಲ್ಲ. ನಾಲ್ಕನೆಯದು ಬೀಳುವಿಕೆಯ ಲೆಕ್ಕಕ್ಕೆ ಬರುವುದಿಲ್ಲ. ನಾನಾಗಿಯೇ ಇಳಿದೆ, ತುಸು ತಲೆ ಮುಂದಾಗಿ.

ಆಗ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎರಡೂ ಟೈರಿನ ಹವಾ ಅರ್ಧ ಬಿಟ್ಟೆ. ಸೈಕಲ್ ಬೆಕ್ಕಿನಂತೆ ನಡೆಯಿತು! ಫಕೀರಸಾಬನಿಗೆ ದಯವಿಟ್ಟು ಇದನ್ನು ಯಾರೂ ಹೇಳಬೇಡಿ.

ಹೊಲ ಮುಟ್ಟಿದಾಗ ಜೈಭೀಮ ಓಡಿ ಬಂದ. "ಮಾಮಾ! ಖರೇನ ಸೈಕಲ್ ಮ್ಯಾಲೇ ಬಂದ್ರಿ?"

"ಒಂದ್ ಸಲನೂ ಕಾಲು ನೆಲಕ್ಕ ತಾಗಿಸಿಲ್ಲ!" ಎಂದೆ. ಅದು ನಿಜವೇ. ತಾಗಿದ್ದು ಬೇರೆ ಅಂಗಗಳು.

ಅನಸುಬಾಯಿಯ ಆಟೋ ಬಂದದ್ದು ಆಮೇಲೆ. ನಾನು ಬಿಟ್ಟೇನೇ? "ಏನಿದು! ಮೋಟಾರ ಗಾಡ್ಯಾಗ ಬಂದೂ ನನ್ನ ಹಿಂದ!"

"ಏನ್ ಮಾಡೋದ್ರಿ, ದಾರ್ಯಾಗ ಅಲ್ಲಲ್ಲೇ ನಿಂದ್ರಬೇಕಾಯ್ತು. ಬಿದ್ದೀರೇನು?"

"ನಾನು? ಹೇ!"

"ಹಂಗಾದ್ರ ಗೆದ್ರಿ. ಸೈಕಲ್ ನಿಮ್ದೇ."

ಸಜ್ಜಿ ರೊಟ್ಟಿ, ಭಜ್ಜಿ ಹೊಟ್ಟೆ ಬಿರಿಯುವಷ್ಟು ಉಂಡೆ, ನಿಂತುಕೊಂಡೇ. ಕುಳಿತುಕೊಳ್ಳುವ ಜಾಗ ನನ್ನ ಬಳಿ ಉಳಿದಿರಲಿಲ್ಲ! ಹೊತ್ತು ಇಳಿಯುವಾಗ ಆಟೋದವನ ಕಿವಿಯಲ್ಲಿ ಮೆಲ್ಲಗೆ, "ಸೈಕಲ್ ಆಟೋದ ಮ್ಯಾಲ ಕಟ್ಟಪಾ, ನಾ ಒಳಗ ಬರ್ತೀನಿ," ಎಂದೆ.

"ಬ್ಯಾಡ!" ಎಂದಳು ಅನಸುಬಾಯಿ. "ಗೆದ್ದೋರು ಸೈಕಲ್ ಮ್ಯಾಲೇ ಬರ್ಲಿ. ಇನ್ಮ್ಯಾಲ ಸುಲೇಪೇಟ ಸಂತಿ, ಚಂದಾಪುರದ ಕಚೇರಿ ಕೆಲ್ಸ, ಅಷ್ಟು ದೂರದ ಶಹಾಬಾದಿನ ಬೀಗರ ಮನಿ, ಎಲ್ಲಾ ಸೈಕಲ್ ಮ್ಯಾಲೇ ಮಾಡ್ರಿ. ನಾ ತುಟಿ ಪಿಟಕ್ ಅನ್ನಂಗಿಲ್ಲ."

ನನ್ನ ಸೊಂಟ, ಮೊಳಕಾಲು, ಮೊಣಕೈಗಳು ತುರ್ತು ಸಭೆ ಸೇರಿ ಒಮ್ಮತದ ನಿರ್ಣಯ ಕೈಗೊಂಡವು. ಸೈಕಲ್ಲಿನ ಬೀಗದ ಕೈ ತೆಗೆದು ಆಕೆಯ ಅಂಗೈಯಲ್ಲಿಟ್ಟೆ.

"ಬಿದ್ದೀನಿ. ಮೂರು ಸಲ. ಭಾಗಣ್ಣಗ ಕೊಡು."

"ನಾಕು ಸಲ," ಎಂದಳು ಆಕೆ. "ನಿಮ್ಮ ಹಿಂದೇ ಆಟೋದಾಗ ಇದ್ದೆ."

"ಆ ಮಂಜಿನಾಗ ನಿನಗ ಹೆಂಗ ಕಂಡಿತು?"

"ಎಲ್ಲಿ ಕಾಣ್ತದ್ರಿ? ಬಿದ್ದಾಗೊಮ್ಮಿ 'ಅನಸೂ' ಅಂತ ಒದರಿದ್ರಿ. ನಾ ಎಣಸ್ಕೋತ ಬಂದೆ."