ಜತ್ತಪ್ಪ ಹಿಡಿದ ಮೀನು

ಹೊಳೆ ಮೀನು ಹಿಡಿಯುವುದರಲ್ಲಿ ತನ್ನನ್ನು ಮೀರಿಸುವವರು ಕಡಬದಲ್ಲೇ ಇಲ್ಲ ಎಂದು ಜತ್ತಪ್ಪ ಮದುವೆಯಾದಂದಿನಿಂದ ಅತ್ತೆಯ ಬಳಿ ಕೊಚ್ಚಿಕೊಂಡಿದ್ದ. ಅತ್ತೆ ಬಂದಾಗಲೆಲ್ಲ ಗಾಳ ಹಿಡಿದು ಒಬ್ಬನೇ ಹೋಗುವುದು, ಸ್ಕೂಟರಿನಲ್ಲಿ ಮೀನು ಮಾರುವ ಅಬ್ಬಾಸನಿಂದ ಹೊಳೆ ಮೀನು ಕೊಂಡು ತರುವುದು. ಹೆಂಡತಿ ಹರಿಣಾಕ್ಷಿಗೂ ಇದು ಗೊತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ನೆಟ್ಟಣ ಸ್ಟೇಷನಿನಲ್ಲಿ ರೈಲಿಳಿದ ಅತ್ತೆ ನೀಲಾವತಿ, “ಇವತ್ತು ನೀವು ಮೀನು ಹಿಡಿಯುದು ನಾನೂ ನೋಡಬೇಕು. ಹೊಳೆ ಬದಿಯಲ್ಲೇ ಮಸಾಲೆ ಹಾಕಿ ಗಸಿ ಮಾಡಿ ಉಣ್ಣುವ” ಎಂದರು.

ಕರೆದೊಯ್ಯಲು ಬಂದಿದ್ದ ಜತ್ತಪ್ಪ ಅತ್ತೆಯ ಚೀಲ ಹಿಡಿದುಕೊಂಡೇ ಸ್ಟೇಷನಿನ ಮೂಲೆಗೆ ಹೋಗಿ ಅಬ್ಬಾಸನಿಗೆ ಫೋನ್ ಮಾಡಿದ.

“ಜೀವ ಇರುವ ಮೀನೊಂದನ್ನು ಗೋಣಿಯಲ್ಲಿ ಕಟ್ಟಿ ದೊಡ್ಡ ಬಂಡೆಯ ಹಿಂದೆ ನೀರಲ್ಲಿಡು ಮಾರಾಯ. ನನ್ನ ಮರ್ಯಾದೆ ಉಳಿಸು.”

“ತಲೆಬಿಸಿ ಮಾಡ್ಬೇಡಿ ಜತ್ತಪ್ಪಣ್ಣ, ನಾನುಂಟಲ್ಲ.”

ಹೊರಡುವಾಗ ಪಕ್ಕದ ಮನೆಯ ಹರಿಪ್ರಸಾದ, “ಎಲ್ಲಿಗೆ ಸವಾರಿ?” ಎಂದು ಕೇಳಿಯೇ ಬಿಟ್ಟ. ಗಾಳ ಹಿಡಿದು ಹೊರಟವನನ್ನು ಹಾಗೆ ಕೇಳಬಾರದೆಂದು ಹರಿಣಾಕ್ಷಿ ಗೊಣಗಿದಳು. ಅವನು ಮಾತ್ರ ನೋಡುವ ಚಪಲಕ್ಕೆ ಹಿಂದೆಯೇ ಬಂದ.

ಹೊಳೆ ಬದಿಯಲ್ಲಿ ಒಲೆ ಉರಿಯಿತು. ಕಡೆದ ಮಸಾಲೆ ಡಬ್ಬಿಯಲ್ಲಿ ಕಾಯುತ್ತಿತ್ತು. ಜತ್ತಪ್ಪನ ಗಾಳಕ್ಕೆ ಮೊದಲು ಹರಿಪ್ರಸಾದನ ಲುಂಗಿ ಸಿಕ್ಕಿತು, ಆಮೇಲೆ ಅತ್ತೆಯ ಕೊಡೆ.

“ಮಸಾಲೆಗೆ ಕೊಡೆಯನ್ನೇ ಹಾಕುದಾ?” ಎಂದರು ಅತ್ತೆ.

“ಇಲ್ಲಿ ಗದ್ದಲ ಜಾಸ್ತಿ” ಎಂದು ಜತ್ತಪ್ಪ ಗಾಳ ಸಮೇತ ಬಂಡೆಯ ಹಿಂದೆ ಹೋದ. ಎಷ್ಟು ತಡಕಿದರೂ ಗೋಣಿಯಿಲ್ಲ. ಅಬ್ಬಾಸನಿಗೆ ಮನಸ್ಸಿನಲ್ಲೇ ಬೈಯುತ್ತಾ ಗಾಳ ನೀರಿಗೆ ಬಿಟ್ಟು ತಲೆಯ ಮೇಲೆ ಕೈಹೊತ್ತು ಕೂತ.

ಗಾಳ ಜಗ್ಗಿತು. ಎಳೆದರೆ ಮೊಳದುದ್ದದ ಮೀನು! ಜೀವಮಾನದಲ್ಲಿ ಅವನು ಹಿಡಿದ ಮೊದಲ ಮೀನು. ಸಂತೋಷಕ್ಕೆ ಕಣ್ಣೇ ತುಂಬಿ ಬಂತು. ಬಿದ್ದು ಎದ್ದು ಓಡಿ ಬಂದ.

“ಭಾರೀ ಕೈಚಳಕ ಅಳಿಯಂದಿರದ್ದು” ಎಂದರು ಅತ್ತೆ.

ಅಷ್ಟರಲ್ಲಿ ಮೇಲೆ ರಸ್ತೆಯಲ್ಲಿ ಪೋಂ ಪೋಂ ಎಂದು ಹಾರ್ನ್ ಕೇಳಿಸಿತು. ಒದ್ದೆ ಗೋಣಿ ಹೊತ್ತು ಅಬ್ಬಾಸ್ ಏದುಸಿರು ಬಿಡುತ್ತಾ ಇಳಿದು ಬಂದ. “ಜತ್ತಪ್ಪಣ್ಣ, ಟಯರ್ ಪಂಚರ್ ಆಗಿ ತಡವಾಯಿತು, ಮೀನು...” ಎನ್ನುವಾಗ ಅತ್ತೆಯನ್ನು ಕಂಡ. ತಕ್ಷಣ ಮಾತು ತಿರುಗಿಸಿದ. “ಇದು ಬೆಳಿಗ್ಗೆ ಇವರೇ ಹಿಡಿದು ನನ್ನ ಹತ್ತಿರ ಇಟ್ಟದ್ದು ಅಮ್ಮ.”

“ಬೆಳಿಗ್ಗೆ ಇವರು ನೆಟ್ಟಣದಲ್ಲಿ ನನ್ನ ಚೀಲ ಹಿಡಿದುಕೊಂಡಿದ್ದರಲ್ಲ” ಎಂದರು ಅತ್ತೆ.

ಹರಿಪ್ರಸಾದ ಕಿಸಕ್ಕನೆ ನಕ್ಕ. ಹರಿಣಾಕ್ಷಿ ಗಂಡನನ್ನು ದುರುಗುಟ್ಟಿ ನೋಡಿದಳು.

“ಅದು ಬಿಡಿ, ಇದು ನಾನೇ ಹಿಡಿದದ್ದು. ನೋಡಿ, ಗಾಳ ಇನ್ನೂ ಬಾಯಲ್ಲೇ ಉಂಟು” ಎಂದು ಜತ್ತಪ್ಪ ಗೋಗರೆದ.

ಅತ್ತೆ ಬಗ್ಗಿ ನೋಡಿದರು. “ಪಾಪ, ಅಬ್ಬಾಸ್ ಒಂದನ್ನು ಮೊದಲೇ ತಂದು ಗಾಳ ಕೂಡ ಸಿಕ್ಕಿಸಿಯೇ ಇಟ್ಟು ಹೋಗಿದ್ದಾನೆ.”

ಗಸಿ ಚೆನ್ನಾಗಿತ್ತು. ಅತ್ತೆ ಎರಡೆರಡು ಸಲ ಬಡಿಸಿಕೊಂಡು ಅಬ್ಬಾಸನನ್ನು ಹೊಗಳಿದರು. ಜತ್ತಪ್ಪ ತಾನು ಹಿಡಿದ ಒಂದೇ ಒಂದು ಮೀನಿನ ಮುಳ್ಳು ಬಿಡಿಸುತ್ತಾ ಕೂತ.